ಡಿವೈಸ್ ಡ್ರೈವರ್ ಮತ್ತು ವಿದ್ಯುತ್ ಪೂರೈಕೆ

ಮೊಬೈಲ್ ಫೋನಿನ ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಸುಮಾರು 3.7. ಆದರೆ ಅದರೊಳಗಿನ ಪ್ರೊಸೆಸರ್‌ಗೆ 1 ವೋಲ್ಟ್ ಆಸುಪಾಸು ಸಾಕು. ಮೆಮರಿ ಕಾರ್ಡಿಗೆ 3.3 ವೋಲ್ಟ್ ಬೇಕು. ಕ್ಯಾಮೆರಾದ ಸಂವೇದಕಕ್ಕೆ ಎರಡು ಮೂರು ಬೇರೆ ಬೇರೆ ವೋಲ್ಟೇಜ್‌ಗಳು ಬೇಕು. ಇವುಗಳನ್ನು ಒದಗಿಸುವ ಮಂಡಲವೇ ರೆಗ್ಯುಲೇಟರ್. ಯಾವ ರೆಗ್ಯುಲೇಟರ್ ಯಾವಾಗ ಕೆಲಸ ಮಾಡಬೇಕು, ಎಷ್ಟು ವೋಲ್ಟೇಜ್ ಕೊಡಬೇಕು ಎಂಬುದನ್ನು ಕೇಳಿ ಪಡೆಯುವುದು ಆಯಾ ಸಾಧನದ ಡಿವೈಸ್ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶ.

ಏಕೆ ಇಷ್ಟು ಎಚ್ಚರ?

ಮೊದಲನೆಯ ಕಾರಣ ಶಕ್ತಿಯ ಉಳಿತಾಯ. ಡಿಜಿಟಲ್ ಮಂಡಲವೊಂದು ಕೆಲಸ ಮಾಡುವಾಗ ಬಳಸುವ ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೂ ಗಡಿಯಾರದ ಆವೃತ್ತಿಗೂ ಅನುಪಾತದಲ್ಲಿರುತ್ತದೆ. ಆವೃತ್ತಿಯನ್ನು ಬದಲಿಸದೆ 1.2 ವೋಲ್ಟನ್ನು 1.0 ವೋಲ್ಟಿಗೆ ಇಳಿಸಿದರೂ ಈ ವೆಚ್ಚ ಸುಮಾರು ಶೇ. 31ರಷ್ಟು ತಗ್ಗುತ್ತದೆ.

ರೆಗ್ಯುಲೇಟರಿನ ಬಗೆಯೂ ಮುಖ್ಯ. ಸರಳ ರೇಖೀಯ ರೆಗ್ಯುಲೇಟರ್ ಹೆಚ್ಚುವರಿ ವೋಲ್ಟೇಜನ್ನು ಉಷ್ಣವಾಗಿ ಕಳೆದುಬಿಡುತ್ತದೆ. 3.7 ವೋಲ್ಟಿನಿಂದ 1.8 ವೋಲ್ಟ್ ಪಡೆಯುವಾಗ ಅದರ ದಕ್ಷತೆ 1.8/3.7, ಅಂದರೆ ಹೆಚ್ಚೆಂದರೆ ಶೇ. 49. ಪ್ರೇರಕವನ್ನು ಬಳಸುವ ಸ್ವಿಚಿಂಗ್ ರೆಗ್ಯುಲೇಟರ್‌ಗಳಲ್ಲಿ ಶೇ. 90ರಷ್ಟು ದಕ್ಷತೆ ಸಾಧ್ಯ.

ಎರಡನೆಯ ಕಾರಣ ಸುರಕ್ಷತೆ. 1.8 ವೋಲ್ಟಿಗಾಗಿ ಮಾಡಿದ ಚಿಪ್‌ಗೆ 3.3 ವೋಲ್ಟ್ ಕೊಟ್ಟರೆ ಅದು ಹಾಳಾಗಬಹುದು. ಪ್ರೋಗ್ರಾಮಿನ ಒಂದು ತಪ್ಪು ಸಾಲು ಯಂತ್ರಾಂಶವನ್ನೇ ಸುಡಬಲ್ಲ ಅಪರೂಪದ ಸಂದರ್ಭವಿದು.

ಹಂಚಿಕೊಂಡ ಪೂರೈಕೆ

ಒಂದೇ ರೆಗ್ಯುಲೇಟರ್ ಹಲವು ಚಿಪ್‌ಗಳಿಗೆ ವಿದ್ಯುತ್ ಒದಗಿಸುವುದುಂಟು. ಹೀಗಿರುವಾಗ ಒಂದು ಡ್ರೈವರ್ ತನ್ನ ಕೆಲಸ ಮುಗಿಯಿತೆಂದು ಪೂರೈಕೆಯನ್ನು ನಿಲ್ಲಿಸಿದರೆ ಪಕ್ಕದ ಚಿಪ್ ಕೆಲಸದ ನಡುವೆಯೇ ಕಂಗೆಡುತ್ತದೆ. ಹಾಸ್ಟೆಲಿನ ಓದುವ ಕೋಣೆಯಲ್ಲಿ ದೀಪ ಆರಿಸಬೇಕಾದವರು ಕೊನೆಗೆ ಹೊರಡುವವರು, ಮೊದಲು ಎದ್ದವರಲ್ಲ.

ಲಿನಕ್ಸ್ ಕರ್ನಲ್‌ನಲ್ಲಿ ಈ ಲೆಕ್ಕ ಇಡುವ ವ್ಯವಸ್ಥೆ 2008ರಲ್ಲಿ, 2.6.27ನೇ ಆವೃತ್ತಿಯಲ್ಲಿ ಸೇರಿತು. ಡ್ರೈವರ್ ರೆಗ್ಯುಲೇಟರಿಗೆ ನೇರವಾಗಿ ಆಜ್ಞೆ ಕೊಡುವುದಿಲ್ಲ. 'ನನಗೆ ಪೂರೈಕೆ ಬೇಕು', 'ಇನ್ನು ಬೇಡ' ಎಂದು ಕರ್ನಲನ್ನು ಕೇಳಿಕೊಳ್ಳುತ್ತದೆ. 'ಬೇಕು' ಎಂದಾಗ ಎಣಿಕೆ ಒಂದು ಏರುತ್ತದೆ, 'ಬೇಡ' ಎಂದಾಗ ಒಂದು ಇಳಿಯುತ್ತದೆ. ಎಲ್ಲರೂ 'ಬೇಡ' ಎಂದು ಎಣಿಕೆ ಸೊನ್ನೆಯಾದಾಗ ಮಾತ್ರ ಪೂರೈಕೆಯನ್ನು ನಿಲ್ಲಿಸಬಹುದು.

ವೋಲ್ಟೇಜನ್ನು ಕೇಳುವ ರೀತಿಯೂ ಹೀಗೆಯೇ. ಡ್ರೈವರ್ ಕನಿಷ್ಠ ಮತ್ತು ಗರಿಷ್ಠ ಮಿತಿಗಳನ್ನು ಮೈಕ್ರೋವೋಲ್ಟ್‌ಗಳಲ್ಲಿ ತಿಳಿಸುತ್ತದೆ. ಒಂದು ಸಾಧನ 2.7ರಿಂದ 3.3 ವೋಲ್ಟನ್ನೂ ಇನ್ನೊಂದು 3.0ರಿಂದ 3.6 ವೋಲ್ಟನ್ನೂ ಕೇಳಿದರೆ ಎರಡಕ್ಕೂ ಒಪ್ಪುವುದು 3.0ರಿಂದ 3.3 ಮಾತ್ರ. ಗಣಸಿದ್ಧಾಂತದ ಛೇದನವೆಂದರೆ ಇದೇ. ಮುದ್ರಿತ ಮಂಡಲವನ್ನು ವಿನ್ಯಾಸಗೊಳಿಸಿದವರು ಗೊತ್ತುಪಡಿಸಿದ ಮಿತಿಯನ್ನು ಯಾವ ಡ್ರೈವರಿನ ಕೋರಿಕೆಯೂ ದಾಟುವಂತಿಲ್ಲ.

ಮೆಮರಿ ಕಾರ್ಡಿನ ಉದಾಹರಣೆ

ಪೂರೈಕೆಯಲ್ಲಿ ಕ್ರಮ ಮತ್ತು ಕಾಲ ಎಷ್ಟು ಮುಖ್ಯವೆಂಬುದನ್ನು ಎಸ್‌ಡಿ ಕಾರ್ಡ್ ಚೆನ್ನಾಗಿ ತೋರಿಸುತ್ತದೆ. ಇದಕ್ಕೆ ಎರಡು ಪೂರೈಕೆಗಳಿವೆ ಎಂದು ಭಾವಿಸಬಹುದು: ಕಾರ್ಡನ್ನು ನಡೆಸುವ 3.3 ವೋಲ್ಟ್ ಮತ್ತು ಸಂಕೇತ ತಂತಿಗಳ ವೋಲ್ಟೇಜನ್ನು ನಿರ್ಧರಿಸುವ ಇನ್ನೊಂದು.

ಪೂರೈಕೆ ಸ್ಥಿರವಾದ ಮೇಲೆ ಡ್ರೈವರ್ 1 ಮಿಲಿಸೆಕೆಂಡ್ ಕಾಯಬೇಕು, ಕನಿಷ್ಠ 74 ಗಡಿಯಾರ ಸ್ಪಂದಗಳನ್ನು ಕಳಿಸಬೇಕು. ಆನಂತರವೇ ಮೊದಲ ಆಜ್ಞೆ. ಆಗ ಸಂಕೇತಗಳೂ 3.3 ವೋಲ್ಟಿನಲ್ಲಿರುತ್ತವೆ. ಕಾರ್ಡು ಹೆಚ್ಚಿನ ವೇಗಕ್ಕೆ ಸಿದ್ಧವಿದ್ದರೆ, ಆಜ್ಞೆಯೊಂದರ ಮೂಲಕ ಅದರ ಒಪ್ಪಿಗೆ ಪಡೆದು ಗಡಿಯಾರವನ್ನು ನಿಲ್ಲಿಸಿ, ಸಂಕೇತದ ಪೂರೈಕೆಯನ್ನು 1.8 ವೋಲ್ಟಿಗೆ ಇಳಿಸಿ, ಕನಿಷ್ಠ 5 ಮಿಲಿಸೆಕೆಂಡ್ ಕಾದು ಗಡಿಯಾರವನ್ನು ಮತ್ತೆ ಆರಂಭಿಸಬೇಕು.

ಮತ್ತೆ 3.3 ವೋಲ್ಟಿಗೆ ಮರಳಲು ಇರುವ ದಾರಿ ಒಂದೇ: ಕಾರ್ಡಿನ ವಿದ್ಯುತ್ತನ್ನು ಪೂರ್ತಿ ತೆಗೆದು ಮೊದಲಿನಿಂದ ಆರಂಭಿಸುವುದು. 'ಪೂರ್ತಿ' ಎಂದರೆ ವೋಲ್ಟೇಜ್ 0.5ಕ್ಕಿಂತ ಕೆಳಗಿಳಿದು 1 ಮಿಲಿಸೆಕೆಂಡಾದರೂ ಅಲ್ಲೇ ಇರಬೇಕು. ಸಂಕೇತ ತಂತಿಗಳು ಮೇಲಿನ ಮಟ್ಟದಲ್ಲೇ ಉಳಿದಿದ್ದರೆ ಚಿಪ್‌ನ ರಕ್ಷಣಾ ಡಯೋಡ್‌ಗಳ ಮೂಲಕ ವಿದ್ಯುತ್ ಒಳನುಸುಳುತ್ತದೆ. ಆಗ ಚಿಪ್ ಪೂರ್ತಿ ಆರದೆ ಅರೆಜೀವವಾಗಿ ಉಳಿದು, ಮರುಚಾಲನೆಗೆ ಓಗೊಡದಿರಬಹುದು.

ಕಾಯುವುದೇಕೆ?

ತಂತ್ರಾಂಶದಲ್ಲಿ 'ಚಾಲೂ ಮಾಡು' ಎಂಬುದು ಒಂದು ಸಾಲು. ಮಂಡಲದಲ್ಲಿ ಅದು ಧಾರಕಗಳು ತುಂಬುವ ಪ್ರಕ್ರಿಯೆ. 10 ಮೈಕ್ರೋಫ್ಯಾರಡ್ ಧಾರಕವನ್ನು 10 ಮೈಕ್ರೋಸೆಕೆಂಡಿನಲ್ಲಿ 3.3 ವೋಲ್ಟಿಗೆ ಏರಿಸಲು ಸರಾಸರಿ 3.3 ಆಂಪಿಯರ್ ಬೇಕು! ಅದನ್ನೇ 1 ಮಿಲಿಸೆಕೆಂಡಿಗೆ ಹಿಗ್ಗಿಸಿದರೆ 33 ಮಿಲಿಆಂಪಿಯರ್ ಸಾಕು. ಹಠಾತ್ ಪ್ರವಾಹ ಬ್ಯಾಟರಿಯ ವೋಲ್ಟೇಜನ್ನೇ ಒಂದು ಕ್ಷಣ ಕುಸಿಯುವಂತೆ ಮಾಡಬಹುದು. ಆದ್ದರಿಂದ ಅನೇಕ ರೆಗ್ಯುಲೇಟರ್‌ಗಳು ನಿಧಾನವಾಗಿ ಏರುವಂತೆ ರಚಿತವಾಗಿವೆ. ಡ್ರೈವರ್ ಆ ಅವಧಿಯನ್ನು ಗೌರವಿಸಬೇಕು.

ಪ್ರೊಸೆಸರಿನ ವೇಗ ಬದಲಿಸುವಾಗಲೂ ಇಂಥದೇ ಶಿಸ್ತು. ವೇಗ ಹೆಚ್ಚಿಸುವಾಗ ಮೊದಲು ವೋಲ್ಟೇಜ್, ಆಮೇಲೆ ಆವೃತ್ತಿ. ತಗ್ಗಿಸುವಾಗ ಮೊದಲು ಆವೃತ್ತಿ, ಆಮೇಲೆ ವೋಲ್ಟೇಜ್. ಕ್ರಮ ತಪ್ಪಿದರೆ ಟ್ರಾನ್ಸಿಸ್ಟರ್‌ಗಳು ಗಡಿಯಾರದ ವೇಗಕ್ಕೆ ಸ್ಪಂದಿಸಲಾರದೆ ತಪ್ಪು ಉತ್ತರ ಕೊಡುತ್ತವೆ.

ಧಾರಕ, ವಿಭವಾಂತರ, ದಕ್ಷತೆ ಇವೆಲ್ಲ ಪದವಿಪೂರ್ವ ತರಗತಿಯ ಪಾಠಗಳೇ. ಒಳ್ಳೆಯ ಡ್ರೈವರ್ ಬರೆಯಲು ಪ್ರೋಗ್ರಾಮಿಂಗ್ ಭಾಷೆಯ ಜೊತೆಗೆ ಈ ಭೌತವಿಜ್ಞಾನವೂ ಬೇಕು. ಲಿನಕ್ಸ್ ಕರ್ನಲ್‌ನ ಮೂಲ ಸಂಕೇತ ಎಲ್ಲರಿಗೂ ಮುಕ್ತವಾಗಿದೆ. ಆಸಕ್ತ ವಿದ್ಯಾರ್ಥಿಗಳು ಅದನ್ನು ತೆರೆದು, ಡ್ರೈವರ್‌ಗಳು ಎಲ್ಲೆಲ್ಲಿ ಕಾಯುತ್ತವೆ, ಏಕೆ ಕಾಯುತ್ತವೆ ಎಂದು ಹುಡುಕಿ ನೋಡಬಹುದು.