ಮೂಳೆ ಕೂಡಿದರೆ ಚಿಕಿತ್ಸೆ ಮುಗಿಯಿತೇ?



ಪರೇಲ್ ಪರಿಸರದಲ್ಲಿ ಹೋಟೆಲ್ ನಡೆಸುವ ನಮಗೆ ಆಸ್ಪತ್ರೆಗಳು ಹೊಸತಲ್ಲ. 1926ರಲ್ಲಿ ಆರಂಭವಾದ ಮಹಾನಗರಪಾಲಿಕೆಯ ಕೆ.ಇ.ಎಂ. ಆಸ್ಪತ್ರೆ, 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆ ಎರಡೂ ಇಲ್ಲೇ ಇವೆ. ರೋಗಿಗಳ ಕಡೆಯವರಿಗೆ ಇಡ್ಲಿ, ಚಹಾ ಕೊಡುತ್ತಲೇ ನಾನಾ ಕಾಯಿಲೆಗಳ ಹೆಸರು ನಮ್ಮ ಕಿವಿಗೆ ಬಿದ್ದಿವೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಬಗ್ಗೆ ನಮ್ಮವರು ಈಗ ಎಚ್ಚರ ವಹಿಸುತ್ತಾರೆ. ಆದರೆ ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಬಗ್ಗೆ ಆ ಎಚ್ಚರವಿಲ್ಲ. ವಯಸ್ಸಾಯಿತು, ಬಿದ್ದರು, ಮುರಿಯಿತು ಎಂದು ಸುಮ್ಮನಾಗುತ್ತೇವೆ.

ಗಟ್ಟಿ ಮೂಳೆ ಸಣ್ಣ ಪೆಟ್ಟಿಗೆ ಮುರಿಯುವುದಿಲ್ಲ. ನಿಂತಲ್ಲೇ ಜಾರಿ ಬಿದ್ದು ಮಣಿಕಟ್ಟು, ಬೆನ್ನೆಲುಬು ಅಥವಾ ಸೊಂಟದ ಕೀಲು ಮುರಿದರೆ ಮೂಳೆ ಮೊದಲೇ ಸವೆದಿದೆ ಎಂದು ತಿಳಿಯಬೇಕು. ಈ ಕಾಯಿಲೆಗೆ ಮುನ್ಸೂಚನೆಯ ನೋವಿಲ್ಲ. ಬೆನ್ನು ಬಾಗುವುದು, ಎತ್ತರ ಕುಗ್ಗುವುದೂ ಬೆನ್ನೆಲುಬಿನ ಮಣಿಗಳು ಕುಸಿದ ಗುರುತಾಗಿರಬಹುದು. ಜಗತ್ತಿನಲ್ಲಿ 50 ವರ್ಷ ದಾಟಿದ ಮೂವರು ಮಹಿಳೆಯರಲ್ಲಿ ಒಬ್ಬರಿಗೆ, ಐವರು ಪುರುಷರಲ್ಲಿ ಒಬ್ಬರಿಗೆ ಇಂಥ ಮೂಳೆ ಮುರಿತ ಆಗುತ್ತದೆಂಬ ಅಂದಾಜಿದೆ.

ನಮ್ಮ ಉದ್ಯಮದವರಿಗೆ ಏನು ಅಪಾಯ?

ಬೆಳಕು ಹರಿಯುವ ಮುನ್ನ ಹೋಟೆಲಿಗೆ ಬಂದು, ದಿನವಿಡೀ ಅಡುಗೆ ಮನೆ ಅಥವಾ ಗಲ್ಲಾಪೆಟ್ಟಿಗೆಯ ಮುಂದೆ ಕಳೆದು, ರಾತ್ರಿ ಮನೆಗೆ ಮರಳುವವರ ಮೈಗೆ ಬಿಸಿಲು ಎಲ್ಲಿಂದ ಬೀಳಬೇಕು? ಬಿಸಿಲಿಲ್ಲದೆ ಚರ್ಮದಲ್ಲಿ ವಿಟಮಿನ್ 'ಡಿ' ತಯಾರಾಗುವುದಿಲ್ಲ. ಅದಿಲ್ಲದೆ ತಿಂದ ಕ್ಯಾಲ್ಸಿಯಂ ಮೈಗೆ ಸರಿಯಾಗಿ ಹತ್ತುವುದಿಲ್ಲ. ಗಾಜಿನ ಬಾಗಿಲಿನೊಳಗೆ ಬರುವ ಬಿಸಿಲಿನಿಂದ ಈ ಉಪಯೋಗ ಸಿಗದು. ಮಧ್ಯಾಹ್ನದ ಊಟದ ಗಲಾಟೆ ಶುರುವಾಗುವ ಮುನ್ನ, 11 ಗಂಟೆಯ ಸುಮಾರಿಗೆ ಸ್ವಲ್ಪ ಹೊತ್ತು ಹೊರಗೆ ನಡೆದು ಬಂದರೆ ಬಿಸಿಲೂ ಸಿಕ್ಕಿತು, ವ್ಯಾಯಾಮವೂ ಆಯಿತು.

ಮುಟ್ಟು ನಿಂತ ಮಹಿಳೆಯರಲ್ಲಿ ಮೂಳೆ ಬೇಗ ಸವೆಯುತ್ತದೆ. ಬೀಡಿ, ಸಿಗರೇಟು, ಮದ್ಯ, ದೀರ್ಘಕಾಲದ ಸ್ಟಿರಾಯ್ಡ್ ಮಾತ್ರೆಗಳೂ ಹಾನಿಕರ. ಸ್ತನ ಮತ್ತು ಪ್ರೊಸ್ಟೇಟ್ ಕ್ಯಾನ್ಸರಿಗೆ ಕೊಡುವ ಕೆಲವು ಹಾರ್ಮೋನ್ ಚಿಕಿತ್ಸೆಗಳಿಂದಲೂ ಮೂಳೆ ದುರ್ಬಲವಾಗುತ್ತದೆ. ಅಂಥವರು ಮೂಳೆಯ ಬಗ್ಗೆಯೂ ವೈದ್ಯರನ್ನು ಕೇಳಬೇಕು.

ಪರೀಕ್ಷೆ ಮತ್ತು ಔಷಧ

ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ನೋವಿಲ್ಲದ ಪರೀಕ್ಷೆ. ಅದರಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಎನ್ನುತ್ತಾರೆ. ವಾರಕ್ಕೊಮ್ಮೆ ನುಂಗುವ ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ನರದ ಮೂಲಕ ಕೊಡುವ ಜೋಲೆಡ್ರೊನಿಕ್ ಆಮ್ಲ ಮುಂತಾದ ಔಷಧಗಳಿವೆ. ವಾರದ ಮಾತ್ರೆಯನ್ನು ಬೆಳಗ್ಗೆ ಬರಿಹೊಟ್ಟೆಯಲ್ಲಿ ಒಂದು ಲೋಟ ಬರೀ ನೀರಿನೊಂದಿಗೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಮಲಗಬಾರದು, ಏನೂ ತಿನ್ನಬಾರದು. ಎದ್ದ ಕೂಡಲೇ ಕಾಪಿ ಬೇಕೆನ್ನುವ ನಮ್ಮವರು ಆ ಒಂದು ದಿನ ಕಾಪಿಯನ್ನು ತಡಮಾಡಲೇಬೇಕು. ಇಲ್ಲದಿದ್ದರೆ ಮಾತ್ರೆ ವ್ಯರ್ಥ.

ಆರು ತಿಂಗಳಿಗೊಮ್ಮೆ ಕೊಡುವ ಡೆನೋಸುಮ್ಯಾಬ್ ಚುಚ್ಚುಮದ್ದನ್ನು, ಊರಿಗೆ ಹೋಗಿದ್ದೆವು ಎಂಬ ಕಾರಣಕ್ಕೆ ತಪ್ಪಿಸಕೂಡದು. ನಡುವೆ ನಿಲ್ಲಿಸಿದರೆ ಬೆನ್ನೆಲುಬು ಮುರಿಯುವ ಅಪಾಯ ಹೆಚ್ಚುತ್ತದೆ. ಹಾಗೆಯೇ 60,000 ಯೂನಿಟ್ ವಿಟಮಿನ್ 'ಡಿ' ಪುಡಿಯನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ತೆಗೆದುಕೊಂಡರೆ ಮೂತ್ರಪಿಂಡಕ್ಕೆ ತೊಂದರೆಯಾಗಬಹುದು.

ನಮ್ಮ ಅಡುಗೆಯಲ್ಲೇ ಇದೆ

2020ರ ಐ.ಸಿ.ಎಂ.ಆರ್. ಶಿಫಾರಸಿನಂತೆ ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ, ಒಂದು ಲೋಟ (200 ಮಿಲಿಲೀಟರ್) ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಇದೆ. ಎಳ್ಳು, ನುಗ್ಗೆಸೊಪ್ಪು, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಕೂಡ ಒಳ್ಳೆಯವು. ರಾಗಿ ದೋಸೆ, ರಾಗಿ ಅಂಬಲಿ, ಎಳ್ಳಿನ ಚಟ್ನಿ ನಮ್ಮ ಮೆನುವಿಗೆ ಬಂದರೆ ಗಿರಾಕಿಗೂ ಹಿತ, ನಮಗೂ ಹಿತ.

ಬೀಳದಂತೆ ನೋಡಿಕೊಳ್ಳುವುದು ಔಷಧದಷ್ಟೇ ಮುಖ್ಯ. ಅಡುಗೆ ಮನೆಯ ಎಣ್ಣೆ-ನೀರಿನ ನೆಲವನ್ನು ಆಗಾಗ ಒರೆಸಿಸಿ, ಕೆಲಸಗಾರರಿಗೆ ಜಾರದ ಚಪ್ಪಲಿ ಕೊಡಿ. ಮನೆಯ ಬಚ್ಚಲಿಗೆ ಹಿಡಿಕೆ ಹಾಕಿಸಿ, ರಾತ್ರಿ ದೀಪವಿರಲಿ. ಮೂಳೆ ಸವೆದವರು ಬಗ್ಗಿ ಭಾರ ಎತ್ತಬಾರದು. ಆದರೆ ಹೆದರಿ ಮೂಲೆಯಲ್ಲಿ ಕೂರಲೂಬಾರದು. ನಡೆದಷ್ಟೂ ಮೂಳೆಗೆ ಬಲ.

ಊರಿನಲ್ಲಿರುವ ತಾಯಿ ಬಿದ್ದರೆಂದು ಫೋನು ಬಂದಾಗ ನಾವು ಆಪರೇಷನ್ನಿಗೆ ಕೂಡಲೇ ಹಣ ಕಳುಹಿಸುತ್ತೇವೆ. ರಾಡು ಹಾಕಿ ಮೂಳೆ ಕೂಡಿಸಿದರೆ ಮುರಿದ ಜಾಗವಷ್ಟೇ ಸರಿಯಾಗುತ್ತದೆ, ಉಳಿದ ಮೂಳೆಗಳು ಟೊಳ್ಳಾಗಿಯೇ ಇರುತ್ತವೆ. ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಸಂಭವ ಹೆಚ್ಚು. ಆದ್ದರಿಂದ ಆಸ್ಪತ್ರೆಯಿಂದ ಮನೆಗೆ ಕರೆತರುವ ಮುನ್ನ, "ಡಾಕ್ಟರೇ, ಮೂಳೆ ಸವೆತಕ್ಕೆ ಮುಂದಿನ ಚಿಕಿತ್ಸೆ ಏನು?" ಎಂದು ತಪ್ಪದೆ ಕೇಳೋಣ.