ಉಪ್ಪುಗಾಳಿಯಲ್ಲಿ ಆಮ್ಲ ಹಿಡಿಯುವ ಬಗೆ

ವಿಶಾಖಪಟ್ಟಣದ ಬಂದರನ್ನು ಬೆಟ್ಟಗಳು ತಬ್ಬಿಕೊಂಡಿವೆ. ದಕ್ಷಿಣಕ್ಕೆ ಯಾರಾಡ ಬೆಟ್ಟಸಾಲು. ಕಡಲಿಗೆ ಚಾಚಿದ ಅದರ ತುದಿಯೇ ಡಾಲ್ಫಿನ್ಸ್ ನೋಸ್. ಉತ್ತರಕ್ಕೆ ಕೈಲಾಸಗಿರಿ, ಸಿಂಹಾಚಲದ ಬೆಟ್ಟಗಳು. ನಡುವಿನ ತಗ್ಗಿನಲ್ಲಿ 1933ರಲ್ಲಿ ಬಂದರು ತೆರೆಯಿತು. 1957ರಲ್ಲಿ ಕ್ಯಾಲ್ಟೆಕ್ಸ್‌ನ ತೈಲ ಶುದ್ಧೀಕರಣ ಘಟಕ (ಈಗಿನ ಎಚ್‌ಪಿಸಿಎಲ್) ಬಂತು, ಹತ್ತು ವರ್ಷದ ಮೇಲೆ ಕೋರಮಂಡಲ್ ರಸಗೊಬ್ಬರ ಕಾರ್ಖಾನೆ. ಹಡಗುಗಳನ್ನು ಬಿರುಗಾಳಿಯಿಂದ ಕಾಯುವ ಬೆಟ್ಟಗಳೇ ಹೊಗೆ ಊರು ಬಿಟ್ಟು ಹೋಗದಂತೆಯೂ ತಡೆಯುತ್ತವೆ. ಹಗಲಲ್ಲಿ ಕಡಲಗಾಳಿ ಬಂದರಿನ ಹೊಗೆಯನ್ನು ಊರೊಳಕ್ಕೆ ತಳ್ಳುತ್ತದೆ; ಚಳಿಗಾಲದ ಇರುಳಲ್ಲಿ ನೆಲ ತಣ್ಣಗಾಗಿ ಗಾಳಿ ಕದಲದೆ ನಿಂತುಬಿಡುತ್ತದೆ.

ಆ ಗಾಳಿಯಲ್ಲಿ ಆಮ್ಲ ಎಷ್ಟಿದೆ? 2009ರ ರಾಷ್ಟ್ರೀಯ ಮಾನದಂಡದ ಪ್ರಕಾರ ಗಂಧಕದ ಡೈಆಕ್ಸೈಡ್ ದಿನದ ಸರಾಸರಿಯಲ್ಲಿ ಘನಮೀಟರಿಗೆ 80 ಮೈಕ್ರೋಗ್ರಾಂ ಮೀರಬಾರದು. ಅಂದರೆ ಗಾಳಿಯ ನೂರು ಕೋಟಿ ಅಣುಗಳಲ್ಲಿ ಸುಮಾರು 30. ಇಷ್ಟು ಕಡಿಮೆಯಿರುವ ಅನಿಲವನ್ನು ನೇರವಾಗಿ ತೂಗಲಾಗದು, ಮೊದಲು ಕೂಡಿಹಾಕಬೇಕು. 1956ರಲ್ಲಿ ವೆಸ್ಟ್ ಮತ್ತು ಗೇಕಿ ರೂಪಿಸಿದ ವಿಧಾನವನ್ನು ಸುಧಾರಿಸಿ ನಮ್ಮಲ್ಲಿ ಇಂದಿಗೂ ಬಳಸುತ್ತಾರೆ. ಇಂಪಿಂಜರ್ ಎಂಬ ಗಾಜಿನ ನಳಿಗೆಯಲ್ಲಿರುವ ಪಾದರಸದ ಲವಣದ ದ್ರಾವಣದೊಳಗೆ ಗಾಳಿಯನ್ನು ಗುಳ್ಳೆಗುಳ್ಳೆಯಾಗಿ ಹಾಯಿಸುತ್ತಾರೆ. ನಿಮಿಷಕ್ಕೆ ಒಂದು ಲೀಟರಿನಂತೆ ದಿನವಿಡೀ ಹಾಯಿಸಿದರೂ ಒಂದೂವರೆ ಘನಮೀಟರ್ ಗಾಳಿಯಾಗುವುದಿಲ್ಲ. ಬಿಸಿಲಿಗೆ ದ್ರಾವಣ ಕೆಡದಿರಲೆಂದು ನಳಿಗೆಯ ಸುತ್ತ ಮಂಜುಗಡ್ಡೆ ಇಡುತ್ತಾರೆ. ಆಮೇಲೆ ಬಣ್ಣದ ರಾಸಾಯನಿಕ ಬೆರೆಸಿದಾಗ ಮೂಡುವ ಕೆನ್ನೇರಳೆಯ ಗಾಢತೆಯೇ ಲೆಕ್ಕ. ಪಾದರಸ ವಿಷ, ಬಳಸಿದ ದ್ರಾವಣವನ್ನು ಚರಂಡಿಗೆ ಚೆಲ್ಲುವಂತಿಲ್ಲ. ಸ್ವಯಂಚಾಲಿತ ಕೇಂದ್ರಗಳಲ್ಲಿ ಈ ತಾಪತ್ರಯವಿಲ್ಲ. ಅಲ್ಲಿ ನೇರಳಾತೀತ ಬೆಳಕು ಬಿದ್ದಾಗ ಗಂಧಕದ ಡೈಆಕ್ಸೈಡ್ ಹೊಮ್ಮಿಸುವ ಮಿನುಗನ್ನೇ ಅಳೆಯುತ್ತಾರೆ.

ನನ್ನ ಚಿಂತೆ ಇರುವುದು ನಂತರದ ಘಟ್ಟದಲ್ಲಿ. ಗಂಧಕದ ಡೈಆಕ್ಸೈಡೂ ನೈಟ್ರೋಜನ್ ಡೈಆಕ್ಸೈಡೂ ಆಮ್ಲದ ಕಚ್ಚಾವಸ್ತುಗಳು. ಗಾಳಿಯಲ್ಲೇ ಮಾಗಿ ಅವು ಸಲ್ಫ್ಯೂರಿಕ್, ನೈಟ್ರಿಕ್ ಆಮ್ಲಗಳಾಗುತ್ತವೆ. ಕಡಲತಡಿಯಲ್ಲಿ ಇನ್ನೊಂದು ಸಂಗತಿ ನಡೆಯುತ್ತದೆ. ಅಲೆ ಒಡೆದಾಗ ಗಾಳಿಗೇರಿದ ಉಪ್ಪಿನ ಕಣಕ್ಕೆ ನೈಟ್ರಿಕ್ ಆಮ್ಲ ತಗುಲಿದರೆ, ಅದು ಕಣದಲ್ಲೇ ನೈಟ್ರೇಟ್ ಆಗಿ ಉಳಿದು, ಹೈಡ್ರೋಕ್ಲೋರಿಕ್ ಆಮ್ಲದ ಅನಿಲವನ್ನು ಹೊರಗೆ ಬಿಡುತ್ತದೆ. ಚಿಮಣಿಯಿಂದ ನೇರವಾಗಿ ಬಾರದೆಯೂ ಆಮ್ಲವೊಂದು ಹೀಗೆ ಹೊಗೆ ಮತ್ತು ಕಡಲು ಕೂಡಿದಲ್ಲಿ ಹುಟ್ಟುತ್ತದೆ.

ಈ ಆಮ್ಲಗಳನ್ನು ಅಳೆಯಲು ಸೋಸುಕಾಗದವೊಂದೇ ಸಾಲದು. ಕಾಗದದ ಮೇಲೆ ಕೂತ ಉಪ್ಪು, ಹಾದುಹೋಗುವ ನೈಟ್ರಿಕ್ ಆಮ್ಲವನ್ನು ಹೀರಿಬಿಡುತ್ತದೆ. ಅನಿಲದ ಲೆಕ್ಕ ತಗ್ಗುತ್ತದೆ. ಮಧ್ಯಾಹ್ನದ ಸೆಕೆಗೆ ಅದೇ ಕಾಗದದ ಮೇಲಿನ ಅಮೋನಿಯಂ ನೈಟ್ರೇಟ್ ಒಡೆದು ಆಮ್ಲವಾಗಿ ಹಾರಿಹೋಗುತ್ತದೆ, ಲೆಕ್ಕ ಏರುತ್ತದೆ. ಹಾಗಾಗಿ ಕಣಗಳನ್ನು ಮುಟ್ಟುವ ಮೊದಲೇ ಅನಿಲವನ್ನು ಬೇರ್ಪಡಿಸಬೇಕು. ಆ ಕೆಲಸಕ್ಕಿರುವ ಸಾಧನ ಡಿನ್ಯೂಡರ್: ಒಳಗೋಡೆಗೆ ಸೋಡಿಯಂ ಕಾರ್ಬೊನೇಟ್ ಬಳಿದ ಗಾಜಿನ ಕೊಳವೆ. ಜಾತ್ರೆಯ ಬೀದಿಯಲ್ಲಿ ತೇರು ನೇರ ಸಾಗುತ್ತದೆ, ಮಕ್ಕಳು ಎರಡೂ ಬದಿಯ ಅಂಗಡಿಗಳತ್ತ ಸರಿಯುತ್ತಾರಲ್ಲ, ಹಾಗೆ ಇಲ್ಲಿ ಅನಿಲದ ಅಣುಗಳು ಅಡ್ಡಾಡಿ ಗೋಡೆ ಮುಟ್ಟಿ ಸಿಕ್ಕಿಬೀಳುತ್ತವೆ, ಕಣಗಳು ನೇರ ಮುಂದೆ ಸಾಗುತ್ತವೆ. ಒಂದು ಮೈಕ್ರಾನ್ ಗಾತ್ರದ ಕಣ ಅನಿಲದ ಅಣುವಿಗಿಂತ ಲಕ್ಷಪಟ್ಟಿಗೂ ಹೆಚ್ಚು ನಿಧಾನವಾಗಿ ಹರಡುವುದರಿಂದ ಈ ವಿಂಗಡಣೆ ಸಾಧ್ಯ. ಮುಂದಿನ ಕೊಳವೆಯಲ್ಲಿ ಸಿಟ್ರಿಕ್ ಆಮ್ಲ ಬಳಿದು ಅಮೋನಿಯಾ ಹಿಡಿಯುತ್ತಾರೆ. ಕಣಗಳಿಗಾಗಿ ಕೊನೆಯಲ್ಲಿ ಸೋಸುಕಾಗದ. ಬಳಿದದ್ದನ್ನು ಶುದ್ಧ ನೀರಿನಲ್ಲಿ ತೊಳೆದು ಅಯಾನ್ ಕ್ರೊಮಾಟೊಗ್ರಫಿ ಯಂತ್ರಕ್ಕೆ ಕೊಟ್ಟರೆ ಕ್ಲೋರೈಡ್, ನೈಟ್ರೇಟ್, ಸಲ್ಫೇಟ್ ಬೇರೆಬೇರೆಯಾಗಿ ಸಿಗುತ್ತವೆ. ನೈಟ್ರಿಕ್ ಆಮ್ಲ ಸಿಕ್ಕ ಮೇಲ್ಮೈಗೆಲ್ಲ ಅಂಟಿಕೊಳ್ಳುವ ಅನಿಲ. ಗಾಳಿ ಒಳಬರುವ ದಾರಿಗೆ ಟೆಫ್ಲಾನ್ ಬಳಿದು, ಅದನ್ನು ಆದಷ್ಟು ಗಿಡ್ಡ ಮಾಡದಿದ್ದರೆ ಆ ಅನಿಲ ಡಿನ್ಯೂಡರ್ ತಲುಪುವುದೇ ಇಲ್ಲ.

2020ರ ಜನವರಿ 1ರಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿ ಶೇ 3.5ರಿಂದ ಶೇ 0.5ಕ್ಕೆ ಇಳಿದಿದೆ. ದೊಡ್ಡ ಹೆಜ್ಜೆಯೇ. ಆದರೆ ಎಂಜಿನ್ನಿನ ಕಾವಿನಲ್ಲಿ ಗಾಳಿಯದೇ ನೈಟ್ರೋಜನ್ ಉರಿದು ಆಗುವ ಆಕ್ಸೈಡುಗಳು ಇಂಧನ ಬದಲಾದ ಮಾತ್ರಕ್ಕೆ ಹೋಗುವುದಿಲ್ಲ. ನೈಟ್ರಿಕ್ ಆಮ್ಲದ ಮೂಲ ಅವೇ.

ವಿಜಯವಾಡದ ಕತೆ ಬೇರೆ. ಅಲ್ಲಿ ಕಡಲು ದೂರ. ಪಕ್ಕದ ಇಬ್ರಾಹಿಂಪಟ್ಟಣದಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರವಿದೆ, ಕೆಳಗೆ ಕೃಷ್ಣಾ ಮುಖಜಭೂಮಿಯ ಭತ್ತದ ಗದ್ದೆಗಳಿವೆ. ಗದ್ದೆಗೆ ಹಾಕಿದ ಯೂರಿಯಾದಿಂದ ಏಳುವ ಅಮೋನಿಯಾ ಆಮ್ಲದೊಂದಿಗೆ ಕೂಡಿ ನುಣ್ಣನೆಯ ಕಣವಾಗುತ್ತದೆ. ಎರಡೂ ಊರುಗಳು 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿವೆ. 2009ರ ಮಾನದಂಡದ ಹನ್ನೆರಡು ಮಾಲಿನ್ಯಕಾರಕಗಳಲ್ಲಿ ಅಮೋನಿಯಾ ಸೇರಿದೆ. ಅದು ಕೂಡಿಕೊಳ್ಳುವ ನೈಟ್ರಿಕ್ ಆಮ್ಲವಾಗಲಿ, ಹೈಡ್ರೋಕ್ಲೋರಿಕ್ ಆಮ್ಲವಾಗಲಿ ಇಲ್ಲ. ಸಾಮಾನ್ಯ ಸ್ವಯಂಚಾಲಿತ ಯಂತ್ರಗಳು ನೈಟ್ರಿಕ್ ಆಮ್ಲದ ಒಂದಷ್ಟು ಪಾಲನ್ನು ನೈಟ್ರೋಜನ್ ಡೈಆಕ್ಸೈಡಿನ ಖಾತೆಗೇ ಸೇರಿಸಿಬಿಡುತ್ತವೆ. ಬಂದರಿನ ಬಳಿ ಒಂದು, ಬೆಟ್ಟದ ಬುಡದಲ್ಲಿ ಒಂದು, ಕೃಷ್ಣೆಯ ದಡದಲ್ಲಿ ಒಂದು ಡಿನ್ಯೂಡರ್ ವರ್ಷವಿಡೀ ನಡೆದರೆ ಆ ಖಾತೆಯನ್ನು ಬಿಡಿಸಿ ಓದಬಹುದು.