ಎರೆಹುಳಕ್ಕೆ ಯಾರ ಪಾಲಿನ ತುತ್ತು?

ಎರೆಹುಳು ಗೊಬ್ಬರ ಮಾಡುವ ಬಗೆಯನ್ನು ಹೇಳಿಕೊಡುವವರು ಬೇಕಾದಷ್ಟು ಮಂದಿ ಇದ್ದಾರೆ. ತೊಟ್ಟಿ ಎಷ್ಟು ಅಗಲ ಇರಬೇಕು, ನೆರಳು ಹ್ಯಾಂಗಿರಬೇಕು ಎಂಬುದೆಲ್ಲ ಕೃಷಿ ಇಲಾಖೆಯ ಕರಪತ್ರದಲ್ಲೇ ಸಿಗುತ್ತದೆ. ಆದರೆ ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿ ಅಡ್ಡಾಡುವಾಗ ನನಗೆ ಎದುರಾದ ಪ್ರಶ್ನೆಯೇ ಬೇರೆ. ದುಧನಿ ಕಡೆಯ ರೈತರೊಬ್ಬರು ನೇರವಾಗಿ ಕೇಳಿಬಿಟ್ಟರು:

“ಹುಳಾ ತರ್ತೀನ್ರಿ, ತೊಟ್ಟೀನೂ ಕಟ್ಟತೀನಿ. ಅದಕ್ಕ ಉಣಸೂದು ಏನ? ಶೆಗಣಿ ಒಲಿಗೆ ಹೋತು, ಕಣಕಿ ದನಕ್ಕ ಹೋತು. ಇನ್ನ ಉಳದಾವ್ರು ನಾವ ನೋಡ್ರಿ!”

ಕೂತಿದ್ದವರೆಲ್ಲ ನಕ್ಕರು. ಆದರೆ ಮಾತು ನಗುವಂಥದಲ್ಲ. ಮಲೆನಾಡಿನಲ್ಲಿ ಸೊಪ್ಪು ಸದೆ ಕಾಲಿಗೆ ತೊಡರುತ್ತದೆ. ಸೊಲ್ಲಾಪುರದ ಸೀಮೆ ಹಾಗಲ್ಲ. ಇಲ್ಲಿ ಹೊಲದಲ್ಲಿ ಬೆಳೆದ ಒಂದೊಂದು ಕಡ್ಡಿಗೂ ಮೊದಲೇ ಒಬ್ಬ ಯಜಮಾನ ಇದ್ದಾನೆ. ಜೋಳದ ಕಣಕಿ ಎತ್ತಿನ ಪಾಲು. ತೊಗರಿ ಕಟ್ಟಿಗೆ ಒಲೆಯ ಪಾಲು. ಹೊಟ್ಟು ಎಮ್ಮೆಯ ಪಾಲು. ಹೀಗಿರುವಾಗ ಹುಳಕ್ಕೆ ಹಾಕುವ ತುತ್ತು ಯಾರ ಬಾಯಿಂದ ಕಸಿದದ್ದು ಎಂದು ಕೇಳದೆ ತೊಟ್ಟಿ ಕಟ್ಟಿದರೆ ಅದು ಆರು ತಿಂಗಳಲ್ಲಿ ಕೋಳಿ ಗೂಡಾಗುತ್ತದೆ.

ಸೊಲ್ಲಾಪುರದಿಂದ ಅಕ್ಕಲಕೋಟ ಸುಮಾರು 40 ಕಿಲೋಮೀಟರು. ಸರಕಾರದ ಕಾಗದ ಮರಾಠಿಯಲ್ಲಿ ಬಂದರೂ ತಾಲೂಕಿನ ಬಹಳಷ್ಟು ಮನೆಗಳ ಮಾತು ಕನ್ನಡವೇ. ಕರಪತ್ರದ ‘ಗಾಂಡೂಳ ಖತ’ ಮನೆಯೊಳಗೆ ಬರುತ್ತಲೇ ‘ಎರಿಹುಳದ ಗೊಬ್ಬರ’ ಆಗುತ್ತದೆ. ನಮ್ಮ ಭಾಷೆಯಲ್ಲಿ ಎರೆ ಅಂದರೆ ಕಪ್ಪು ಮಣ್ಣೂ ಹೌದು, ಹುಳವೂ ಹೌದು, ಆಹಾರವೂ ಹೌದು. ಮಣ್ಣು, ಹುಳ, ಉಣಿಸು ಮೂರಕ್ಕೂ ಒಂದೇ ಮಾತು ಕೊಟ್ಟ ಹಿರಿಯರು ಸುಮ್ಮನೆ ಕೊಟ್ಟಿರಲಿಕ್ಕಿಲ್ಲ.

ದನದ ಸಂಗಡ ಶೆಗಣಿಯೂ ಹೋಯಿತು

ಬ್ರಿಟಿಷರ ಕಾಲದಲ್ಲಿ, 1933ರಲ್ಲಿ, ಸೊಲ್ಲಾಪುರ ಮತ್ತು ವಿಜಾಪುರದಲ್ಲಿ ಒಣಬೇಸಾಯದ ಸಂಶೋಧನೆ ಆರಂಭವಾಯಿತು. ಬದು ಹಾಕು, ಆಳವಾಗಿ ಉಳು, ಬೀಜ ವಿರಳವಾಗಿ ಬಿತ್ತು, ಎರಡು ಮೂರು ವರ್ಷಕ್ಕೊಮ್ಮೆಯಾದರೂ ತಿಪ್ಪೆ ಗೊಬ್ಬರ ಕೊಡು ಎಂಬುದು ಅಲ್ಲಿಂದ ಬಂದ ಸಲಹೆಗಳ ತಿರುಳು. ಮೊದಲ ಮೂರನ್ನು ರೈತ ಹ್ಯಾಂಗೋ ಮಾಡಿಯಾನು. ನಾಲ್ಕನೆಯದಕ್ಕೆ ಕೊಟ್ಟಿಗೆಯಲ್ಲಿ ದನ ಇರಬೇಕಲ್ಲ! ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಕಡಿಮೆಯಾದವು. ಬರ ಬಿದ್ದಾಗ ಇದ್ದವೂ ಹೋದವು. 2013ರ ಬರಗಾಲದಲ್ಲಿ ಸೊಲ್ಲಾಪುರ ಜಿಲ್ಲೆಯ ದನಗಳು ಚಾರಾ ಛಾವಣಿ ಸೇರಿದ್ದು ಇನ್ನೂ ಜನರ ನೆನಪಿನಲ್ಲಿದೆ. “ದನಾ ಛಾವಣಿಗೆ ಹೋತು, ಅದರ ಸಂಗಾಟ ಶೆಗಣೀನೂ ಊರ ಬಿಡ್ತು” ಎಂದು ಒಬ್ಬ ಹೆಣ್ಣುಮಗಳು ನನಗೆ ಹೇಳಿದಳು.

ಆದ್ದರಿಂದ ಈ ಸೀಮೆಯ ಮೊದಲ ನಿಯಮ ಇದು: ಕಣಕಿಯನ್ನು ಹುಳಕ್ಕೆ ಹಾಕಬೇಡಿ. ದನ ತಿಂದು ಹಾಕಿದ ಶೆಗಣಿ ಹುಳಕ್ಕೆ ಸಿದ್ಧ ಅಡಿಗೆ. ಒಂದು ಊಟ ಇಬ್ಬರಿಗಾಗುತ್ತದೆ. ಇನ್ನು ಶೆಗಣಿ ಕುಳ್ಳಾಗಿ ಒಲೆಗೆ ಹೋಗುವ ಮಾತು. ಗೋಬರ್ ಗ್ಯಾಸ್ ಇದ್ದವರಿಗೆ ಎರಡೂ ದಕ್ಕುತ್ತದೆ. ಉರಿ ಒಲೆಗೆ, ರಾಡಿ ಹುಳಕ್ಕೆ. ಆ ರಾಡಿಯನ್ನು ಮಾತ್ರ ಕೆಲವು ದಿನ ಗಾಳಿಗೆ ಆರಲು ಬಿಡಬೇಕು. ತೊಟ್ಟಿಗೆ ಪೂರಾ ಶೆಗಣಿಯೇ ಬೇಕೆಂದಿಲ್ಲ. ಒಂದು ಪಾಲು ಶೆಗಣಿಗೆ ಮೂರು ಪಾಲು ಬೇರೆ ಕಸ ಕೂಡಿಸಿದರೂ ನಡೆಯುತ್ತದೆ. ಹಾಗಾದರೆ ಆ ಮೂರು ಪಾಲು ಎಲ್ಲಿಂದ?

ಬೆಂಕಿ ತಿನ್ನುವ ರವದಿ

ಯಾರ ಬಾಯಿಗೂ ಸೇರದೆ ಹೋಗುವ ದೊಡ್ಡ ಪಾಲು ಕಬ್ಬಿನ ಹೊಲದಲ್ಲಿದೆ. 1980ರಲ್ಲಿ ಭೀಮಾ ನದಿಗೆ ಉಜನಿ ಅಣೆಕಟ್ಟು ಮುಗಿದ ಮೇಲೆ ಈ ಜಿಲ್ಲೆಯಲ್ಲಿ ಕಬ್ಬು ಹಬ್ಬಿತು, ಸಕ್ಕರೆ ಕಾರಖಾನೆಗಳು ಒಂದರ ಹಿಂದೊಂದು ಎದ್ದವು. ಕಬ್ಬು ಕಡಿದ ಮೇಲೆ ಎಕರೆಗೆ ಮೂರು ನಾಲ್ಕು ಟನ್ ರವದಿ ಹೊಲದಲ್ಲಿ ಬೀಳುತ್ತದೆ. ಮರಾಠಿಯಲ್ಲಿ ಇದಕ್ಕೆ ಪಾಚಟ ಎನ್ನುತ್ತಾರೆ. ದನ ಒಣ ರವದಿ ಮೂಸುವುದಿಲ್ಲ. ಕಡ್ಡಿ ಗೀರಿದರೆ ಗಂಟೆಯಲ್ಲಿ ಹೊಲ ಹಸನು. ಆದರೆ ಅದರೊಳಗಿನ ಸಾರಜನಕ ಹೊಗೆಯಾಗಿ ಹೋಗುತ್ತದೆ, ಮೇಲ್ಮಣ್ಣಿನ ಜೀವ ಬೇಯುತ್ತದೆ. ಅದೇ ಸಾರಜನಕವನ್ನು ಮುಂದಿನ ತಿಂಗಳು ಚೀಲದ ಲೆಕ್ಕದಲ್ಲಿ ಸಾಲ ಮಾಡಿ ತರಬೇಕು.

ರವದಿಯನ್ನು ಹಾಗೇ ತೊಟ್ಟಿಗೆ ತುಂಬಿದರೆ ಹುಳ ಮುಟ್ಟುವುದಿಲ್ಲ. ಅದರಲ್ಲಿ ಇಂಗಾಲ ಬಹಳ, ಸಾರಜನಕ ಕಡಿಮೆ. ಗೇಣುದ್ದ ಕತ್ತರಿಸಿ, ಶೆಗಣಿ ರಾಡಿ ಚಿಮುಕಿಸಿ, ಒಂದೂವರೆ ತಿಂಗಳು ಗುಂಪಿ ಹಾಕಿ ಕೊಳೆಸಬೇಕು. ನಡುವೆ ಎರಡು ಸಲ ತಿರುವಿ ಹಾಕಬೇಕು. ಗುಂಪಿಯೊಳಗೆ ಕೈ ಇಟ್ಟಾಗ ಬಿಸಿ ಹತ್ತಬಾರದು, ಆಗ ಹುಳ ಬಿಡಬೇಕು. ಎರಡು ತಿಂಗಳಿಗೆ ಹಾಕಿದ್ದರ ಅರ್ಧದಷ್ಟು ಗೊಬ್ಬರ ಕೈಗೆ ಬರುತ್ತದೆ. ಇಷ್ಟು ಕೆಲಸಕ್ಕೆ ಆಳಿಲ್ಲ ಎನ್ನುವವರು ಕುಳೆ ಕಬ್ಬಿನ ಸಾಲುಗಳ ನಡುವೆ ರವದಿ ಹಾಸಿದರೂ ಸರಿ. ಹಸಿ ಇದ್ದಲ್ಲಿ ಹೊಲದ ಹುಳ ತಾನೇ ಬರುತ್ತದೆ. ಸುಡುವುದು ಮಾತ್ರ ಬೇಡ.

ಕಾರಖಾನೆಯ ಪ್ರೆಸ್‌ಮಡ್ ಕೂಡ ಒಳ್ಳೆಯ ಉಣಿಸು. ನೂರು ಟನ್ ಕಬ್ಬು ಅರೆದರೆ ಮೂರು ನಾಲ್ಕು ಟನ್ ಬೀಳುತ್ತದೆ. ಹೊಸದು ಕೆಂಡದಂತೆ ಕಾಯುತ್ತದೆ, ಆರಿ ಹಳತಾಗಲು ಬಿಡಬೇಕು. ಡಿಸ್ಟಿಲರಿ ನೀರು ಕೂಡಿಸಿದ ಸರಕಾದರೆ ಅದರಲ್ಲಿ ಉಪ್ಪಿನಂಶ ಹೆಚ್ಚು. ಕೊಳ್ಳುವ ಮುನ್ನ ಕೇಳಿ ತಿಳಿಯಿರಿ.

ಅಕ್ಕಲಕೋಟದ ಹೂವು, ಸೊಲ್ಲಾಪುರದ ಉಳ್ಳಾಗಡ್ಡಿ

ಎರಡನೆಯ ಪಾಲು ಪೇಟೆಯಲ್ಲಿದೆ. ಅಕ್ಕಲಕೋಟ ಸ್ವಾಮಿ ಸಮರ್ಥರ ಊರು. ಅವರು 1878ರಲ್ಲಿ ಇಲ್ಲೇ ದೇಹವಿಟ್ಟರು. ವಟವೃಕ್ಷ ಮಂದಿರಕ್ಕೆ ಬರುವ ಸಾವಿರಾರು ಭಕ್ತರ ಕೈಯಲ್ಲಿ ಹಾರ ಇರುತ್ತದೆ. ಅನ್ನಛತ್ರದಲ್ಲಿ ದಿನಾ ಸಾವಿರಾರು ಮಂದಿಗೆ ಊಟ. ಹಾಗೆ ಅಡಿಗೆ ನಡೆಯುವಲ್ಲಿ ಕಾಯಿಪಲ್ಲೆಯ ಸಿಪ್ಪೆ, ದಂಟು ಬೀಳಲೇಬೇಕು. ಸೊಲ್ಲಾಪುರದಲ್ಲಿ ಸಂಕ್ರಾಂತಿಗೆ ಸಿದ್ಧರಾಮೇಶ್ವರನ ಗಡ್ಡ್ಯಾನ ಜಾತ್ರೆ ಬಂತೆಂದರೆ ಚೆಂಡುಹೂವಿನ ರಾಶಿ. ಹನ್ನೆರಡನೆಯ ಶತಮಾನದಲ್ಲಿ ನಿಂತು ಕೆರೆ ತೋಡಿಸಿದ ಶರಣ ಆತ. ಅವನಿಗೆ ಏರಿಸಿದ ಹೂವು ಕೆರೆ ಸೇರಿ ನೀರು ಕೆಡಿಸುವುದಕ್ಕಿಂತ ಹೊಲ ಸೇರಿ ಮಣ್ಣಾಗುವುದೇ ಅವನಿಗೆ ಒಪ್ಪುವ ಸೇವೆ ಎಂದು ನನ್ನ ತಿಳುವಳಿಕೆ. ದಾರ, ಜರಿ, ಪ್ಲಾಸ್ಟಿಕ್ ತೆಗೆದು, ಎರಡು ದಿನ ಬಾಡಿಸಿ, ಶೆಗಣಿಯೊಂದಿಗೆ ಕೂಡಿಸಿದರೆ ಹೂವು ಬೇಗ ಕರಗುತ್ತದೆ.

ಸೊಲ್ಲಾಪುರದ ಮಾರುಕಟ್ಟೆ ಉಳ್ಳಾಗಡ್ಡಿಗೆ ಹೆಸರುವಾಸಿ. ಉಳ್ಳಾಗಡ್ಡಿ ಹುಳಕ್ಕೆ ಆಗದು ಎಂದು ಹಲವರು ಹೇಳುತ್ತಾರೆ. ಆದರೆ ಇಂಗ್ಲೆಂಡಿನ ಚಾರ್ಲ್ಸ್ ಡಾರ್ವಿನ್ ಎರೆಹುಳುವನ್ನು ಕುಂಡದಲ್ಲಿ ಸಾಕಿ, ಕೋಸಿನ ಎಲೆ, ಉಳ್ಳಾಗಡ್ಡಿ ಚೂರು ಮಣ್ಣಲ್ಲಿ ಹೂತಿಟ್ಟು ಪರೀಕ್ಷೆ ಮಾಡಿದ್ದ. ಹುಳಗಳು ಅದನ್ನು ಹುಡುಕಿಕೊಂಡು ಬಂದು ತಿಂದವೆಂದು 1881ರ ತನ್ನ ಪುಸ್ತಕದಲ್ಲಿ ಬರೆದ. ಅಂದಮೇಲೆ ಉಳ್ಳಾಗಡ್ಡಿ ವಿಷವಲ್ಲ. ಅತಿಯಾದರೆ ಮಾತ್ರ ಹುಳಿಯಾಗಿ ನಾರುತ್ತದೆ. ಒಣ ಸಿಪ್ಪೆ ಹಿಡಿ ಹಿಡಿಯಾಗಿ ಹಾಕಬಹುದು.

ನಾನು ಗಮನಿಸಿದ್ದು ಇನ್ನೊಂದು. ಮಾಲು ಇಳಿಸಿದ ಟೆಂಪೊಗಳು ಊರಿಗೆ ಮರಳುವಾಗ ಬರಿದಾಗಿರುತ್ತವೆ. ಹೊಲದ ಸತ್ವ ಪೇಟೆಗೆ ಹೋಗುತ್ತದೆ, ಪೇಟೆಯಿಂದ ಹೊಲಕ್ಕೆ ಏನೂ ಬರುವುದಿಲ್ಲ. ನಾಲ್ಕು ಮಂದಿ ಕೂಡಿ ಆ ಖಾಲಿ ಗಾಡಿಯಲ್ಲಿ ಕೋಸಿನ ಎಲೆ, ಬಾಡಿದ ಪಲ್ಲೆ ತುಂಬಿಕೊಂಡು ಬಂದರೆ ಬಾಡಿಗೆ ಹಗುರ, ಉಣಿಸು ಪುಕ್ಕಟೆ.

ಹಾಕಬಾರದ್ದು

ಸೊಲ್ಲಾಪುರದ ದಾಳಿಂಬೆಗೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ 2005ರಿಂದ ಸೊಲ್ಲಾಪುರದಲ್ಲೇ ಇದೆ. ಆದರೆ ‘ತೇಲ್ಯಾ’ ಎಂಬ ದುಂಡಾಣು ರೋಗ ಬಿದ್ದ ಕಾಯಿ, ಕಡ್ಡಿಗಳನ್ನು ತೊಟ್ಟಿಗೆ ಹಾಕಲೇಬಾರದು. ಅವಕ್ಕೆ ಬೆಂಕಿಯೇ ಗತಿ. ರೋಗವನ್ನು ಗೊಬ್ಬರದ ಹೆಸರಲ್ಲಿ ತೋಟಕ್ಕೆ ಮರಳಿ ಒಯ್ದಂತಾದೀತು. ಚಾದರು, ಟಾವೆಲ್ ನೇಯುವ ಊರಾದ್ದರಿಂದ ನೂಲಿನ ತ್ಯಾಜ್ಯವೂ ಕಣ್ಣಿಗೆ ಬೀಳುತ್ತದೆ. ಬಣ್ಣ ಹಾಕದ ಅಚ್ಚ ಹತ್ತಿಯಾದರೆ ನೆನೆಸಿ ಸ್ವಲ್ಪ ಕೂಡಿಸಬಹುದು. ಬಣ್ಣದ್ದು, ಪಾಲಿಸ್ಟರ್ ಬೆರೆತದ್ದು ಬೇಡ. ಉಪ್ಪು, ಎಣ್ಣೆ, ಖಾರ ಬಿದ್ದ ಅಡಿಗೆ, ರಾಶಿ ನಿಂಬೆ ಸಿಪ್ಪೆ ಕೂಡ ಹುಳಕ್ಕೆ ಒಗ್ಗುವುದಿಲ್ಲ.

ಬ್ಯಾಸಿಗೆಯ ಪರೀಕ್ಷೆ

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಡಾ. ರಾಧಾ ಕಾಳೆ ಮತ್ತು ಸಂಗಡಿಗರ ಶ್ರಮದಿಂದ ಕರ್ನಾಟಕದಲ್ಲಿ ಆಫ್ರಿಕದ ಯೂಡ್ರಿಲಸ್ ಹುಳ ಹೆಸರಾಯಿತು. ಐಸೀನಿಯಾ ಎಂಬ ಕೆಂಪು ಹುಳವೂ ಬಳಕೆಯಲ್ಲಿದೆ. ತಳಿ ಯಾವುದಿದ್ದರೂ 35 ಡಿಗ್ರಿ ದಾಟಿದರೆ ಹುಳಕ್ಕೆ ಸಂಕಟ. ಸೊಲ್ಲಾಪುರದ ಮೇ ತಿಂಗಳಲ್ಲಿ 42 ಡಿಗ್ರಿ ದೊಡ್ಡ ಸುದ್ದಿಯಲ್ಲ. ಬೇವಿನ ನೆರಳು, ಮೇಲೆ ಹಸಿ ಗೋಣಿತಟ್ಟು, ದಿನಾ ಒಂದೆರಡು ಕೊಡ ನೀರು ಬೇಕೇಬೇಕು. ಟ್ಯಾಂಕರ್ ಕಾಯುವ ಊರಲ್ಲಿ ಒಂದು ಕೊಡವೂ ದೊಡ್ಡದೇ. ಅದಕ್ಕೆ ಜಾಣ ರೈತರು ಮುಂಗಾರಿನಿಂದ ಮಾಘದ ತನಕ ತೊಟ್ಟಿ ತುಂಬ ಉಣಿಸಿ, ಬ್ಯಾಸಿಗೆಗೆ ಬೀಜದ ಹುಳ ಮಾತ್ರ ಮನೆಯ ನೆರಳಲ್ಲಿ ಒಂದು ಬುಟ್ಟಿಯಲ್ಲಿ ಉಳಿಸಿಕೊಂಡರೆ ಸಾಕು. ಬಾನಿಯಲ್ಲಿ ಅಕ್ಕಿ, ಪಲ್ಲೆ ತೊಳೆದ ನೀರೇ ಅದಕ್ಕೆ ಆದೀತು.

ದುಧನಿಯ ರೈತರ ಪ್ರಶ್ನೆಗೆ ನನ್ನ ಲೆಕ್ಕದ ಉತ್ತರ ಇಷ್ಟೆ: ಮನುಷ್ಯರದು, ದನದ್ದು, ಒಲೆಯದು ಬಿಟ್ಟು ಕೊಡಿ. ಬೆಂಕಿ ತಿನ್ನುವುದನ್ನು, ಗಟಾರ ತಿನ್ನುವುದನ್ನು, ಕೆರೆ ನುಂಗುವುದನ್ನು ಹುಳಕ್ಕೆ ಕೊಡಿ. ತಾಲೂಕಿನ ಕನ್ನಡ ಶಾಲೆಗಳಲ್ಲಿ ಮಧ್ಯಾಹ್ನದ ಊಟದ ಪಲ್ಲೆ ಸಿಪ್ಪೆಗೆ ಒಂದೊಂದು ಸಣ್ಣ ತೊಟ್ಟಿ ಮಾಡಿದರೆ ಮಕ್ಕಳು ಕರಪತ್ರ ಓದದೆಯೂ ಕಲಿತಾರು. ಈ ಸಲ ಕಬ್ಬು ಕಡಿಯುವ ಟೋಳಿ ಹೊಲ ಬಿಟ್ಟ ಮೇಲೆ, ಕಡ್ಡಿಪೆಟ್ಟಿಗೆ ತೆಗೆಯುವ ಮುಂಚೆ, ಒಂದು ಮೂಲೆಯ ರವದಿಯಾದರೂ ಗುಂಪಿ ಹಾಕಿ ನೋಡ್ರಿ.